ಉಪ್ಪುಸೊಳೆಯ ಪಕ್ಕ ಸಾಲದ ಜಾಹೀರಾತು

ನನ್ನ ಬ್ಲಾಗಿಗೆ ಹನ್ನೆರಡು ವರ್ಷ ತುಂಬಿದ ಮೇಲೆ, 2021ರ ಕೊನೆಯಲ್ಲಿ, ಅದಕ್ಕೆ ಜಾಹೀರಾತು ಹಾಕಿಸಿದೆ. ದೊಡ್ಡ ಆಸೆಯೇನೂ ಇರಲಿಲ್ಲ. ಬ್ಲಾಗಿನ ಸ್ವಂತ ಜಾಲವಿಳಾಸಕ್ಕೆಂದು ವರ್ಷಕ್ಕೊಮ್ಮೆ ಕಟ್ಟುವ ಡೊಮೇನ್ ಶುಲ್ಕವಾದರೂ ಅದರಿಂದಲೇ ಹುಟ್ಟಲಿ ಎಂಬ ಲೆಕ್ಕ. ಅರ್ಜಿ ಹಾಕಿ, ಜಾಹೀರಾತು ಕಂಪನಿಯವರು ಕೊಟ್ಟ ನಾಲ್ಕು ಸಾಲಿನ ಕೋಡ್ ಅಂಟಿಸಿ, ಎರಡು ವಾರ ಕಾದ ಮೇಲೆ ಒಂದು ಬೆಳಿಗ್ಗೆ ಮೊದಲ ಜಾಹೀರಾತು ಕಾಣಿಸಿತು. ಅದು ಬಂದು ಕುಳಿತದ್ದು ಅಜ್ಜಿ ಉಪ್ಪುಸೊಳೆ ಹಾಕುತ್ತಿದ್ದ ಬಗೆಯನ್ನು ಬರೆದ ಹಳೆಯ ಪೋಸ್ಟ್‌ನಲ್ಲಿ. ಬಲಿತ ಹಲಸಿನಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಬೇಳೆ ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿ, ಮೇಲೆ ಕಲ್ಲು ಹೇರುವವರೆಗಿನ ವಿವರ ಅದರಲ್ಲಿತ್ತು. ಅಜ್ಜಿ ತೀರಿಕೊಂಡ ವರ್ಷ ಬರೆದದ್ದು. ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಸಾಲಿಗೂ ‘ಮುಂದಿನ ಮಳೆಗಾಲಕ್ಕೆ ನಾನು ಇರುತ್ತೇನೋ ಇಲ್ಲವೋ’ ಎಂಬ ಅವಳ ಮಾತಿಗೂ ನಡುವೆ ಒಂದು ಚೌಕ: ಐದು ನಿಮಿಷದಲ್ಲಿ ವೈಯಕ್ತಿಕ ಸಾಲ, ಯಾವ ದಾಖಲೆಯೂ ಬೇಡ.

ಆರು ತಿಂಗಳಲ್ಲಿ ಖಾತೆಯಲ್ಲಿ ಕೂಡಿದ್ದು ನಾಲ್ಕು ಡಾಲರಿಗೆ ಹತ್ತಿರ. ಕೋಡ್ ಕಿತ್ತುಹಾಕಿದೆ. ಹಣ ಬರಲಿಲ್ಲವೆಂಬ ಸಿಟ್ಟು ಸ್ವಲ್ಪ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಆ ಆರು ತಿಂಗಳಲ್ಲಿ ಏಳು ಪೋಸ್ಟ್ ಬರೆದಿದ್ದೆ. ಒಟ್ಟಿಗೆ ತೆರೆದು ನೋಡಿದರೆ ಐದರ ಶೀರ್ಷಿಕೆ ‘ಹೇಗೆ?’ ಎಂದೋ ‘ಯಾವುದು ಒಳ್ಳೆಯದು?’ ಎಂದೋ ಮುಗಿಯುತ್ತಿತ್ತು. ಅದಕ್ಕೂ ಹಿಂದಿನ ಹನ್ನೆರಡು ವರ್ಷದಲ್ಲಿ ಹಾಗೆ ಮುಗಿದ ಶೀರ್ಷಿಕೆ ಒಂದೂ ಇರಲಿಲ್ಲ. ಹೀಗೆ ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬ್ಲಾಗ್ ಬರೆಯುವುದು ಸಂಪಾದನೆಗೋ ಸಂತೋಷಕ್ಕೋ ಎಂಬ ಚರ್ಚೆ ಬಹಳ ಸಲ ನೀತಿಬೋಧೆಯಲ್ಲೇ ಹೂತುಹೋಗುತ್ತದೆ. ಒಂದು ಗುಂಪು ಸರಸ್ವತಿಯನ್ನು ಸಂತೆಗೆ ತರಬೇಡಿ ಎನ್ನುತ್ತದೆ. ಇನ್ನೊಂದು ಗುಂಪು ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವೇಕೆ ಎಂದು ಕೇಳುತ್ತದೆ. ಎರಡೂ ಕಡೆಯವರು ಹಣವನ್ನು ಬರೆದು ಮುಗಿದ ಮೇಲೆ ಬರುವ ವಸ್ತು ಎಂದುಕೊಂಡಿದ್ದಾರೆ. ನನ್ನ ಏಳು ಪೋಸ್ಟ್‌ಗಳನ್ನು ನೋಡಿದರೆ ಅದು ಬರೆಯುವ ಮೊದಲೇ ಬಂದು, ವಿಷಯ ಆರಿಸುವಾಗಲೇ ಪಕ್ಕದಲ್ಲಿ ಕುಳಿತಿತ್ತು. ಆದ್ದರಿಂದ ನೀತಿಯನ್ನು ಬದಿಗಿಟ್ಟು, ಇದು ಹೇಗೆ ನಡೆಯುತ್ತದೆ ಎಂದು ನೋಡುವುದು ಮೇಲು.

ಮೊದಲು ಲೆಕ್ಕ. ಗೂಗಲ್‌ನ ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಸಣ್ಣ ಬ್ಲಾಗಿಗೂ ಜಾಹೀರಾತಿನ ಹಣ ಬರಬಹುದು ಎಂಬ ಕನಸನ್ನು ಜಗತ್ತಿಗೆ ಹಂಚಿದ್ದು ಅದೇ. ಭಾರತೀಯ ಭಾಷೆಗಳ ಪೈಕಿ ಹಿಂದಿಗೆ ಅದರ ಬಾಗಿಲು ತೆರೆದದ್ದು 2014ರ ಡಿಸೆಂಬರ್‌ನಲ್ಲಿ. ಕನ್ನಡ ಇನ್ನೂ ಕೆಲವು ವರ್ಷ ಹೊರಗೇ ನಿಂತಿತ್ತು. ಖಾತೆಯಲ್ಲಿ ಹತ್ತು ಡಾಲರ್ ಕೂಡಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ನೂರು ಡಾಲರ್ ತುಂಬುವವರೆಗೆ ಒಂದು ಪೈಸೆಯೂ ಬ್ಯಾಂಕಿಗೆ ಬರುವುದಿಲ್ಲ. ಸಾವಿರ ಸಲ ಪುಟ ತೆರೆದರೆ ಅರ್ಧ ಡಾಲರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಮೊದಲ ನೂರು ಡಾಲರ್ ಕೈಗೆ ಸಿಗಲು ಪುಟ ಎರಡು ಲಕ್ಷ ಸಲ ತೆರೆಯಬೇಕು. ಕನ್ನಡದಲ್ಲಿ ಒಂದು ಕಥಾಸಂಕಲನ ಸಾವಿರ ಪ್ರತಿ ಮುಗಿದರೆ ಪ್ರಕಾಶಕರು ಪೇಡೆ ಹಂಚುತ್ತಾರೆ.

ಕನ್ನಡ ಸಣ್ಣ ಭಾಷೆಯೇನಲ್ಲ. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ ಜನ. ಸಣ್ಣದಾಗಿರುವುದು ಕನ್ನಡ ಪುಟದ ಮೇಲೆ ಜಾಹೀರಾತುದಾರ ಇಡುವ ಬೆಲೆ. ಹೆಚ್ಚು ಹಣ ಸುರಿಯುವ ವಿಮೆ, ಸಾಫ್ಟ್‌ವೇರ್, ವಿದೇಶಿ ಶಿಕ್ಷಣದಂಥ ವ್ಯಾಪಾರಗಳು ತಮ್ಮ ಗಿರಾಕಿ ಇಂಗ್ಲಿಷಿನಲ್ಲಿ ಓದುತ್ತಾನೆ ಎಂದು ನಂಬಿವೆ. ಹೀಗಾಗಿ ಒಂದೇ ಮನುಷ್ಯ, ಒಂದೇ ಫೋನು, ಒಂದೇ ಸಂಜೆ. ಇಂಗ್ಲಿಷ್ ಪುಟ ಓದಿದಾಗ ಅವನ ಕಣ್ಣಿಗೆ ಒಂದು ದರ, ಕನ್ನಡ ಪುಟ ಓದಿದಾಗ ಇನ್ನೊಂದು ದರ.

ಹಾಗಾದರೆ ಕನ್ನಡದಲ್ಲಿ ಎರಡು ಲಕ್ಷ ಸಲ ತೆರೆಯುವ ಪುಟ ಯಾವುದು? ಇದಕ್ಕೆ ಉತ್ತರ ಬೇಕಿದ್ದರೆ ಈಗಲೇ ಫೋನ್ ತೆಗೆದು ‘ಗೃಹಲಕ್ಷ್ಮಿ ಹಣ’ ಎಂದು ಹುಡುಕಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಈ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ಕಂತು ತಡವಾದಾಗಲೆಲ್ಲ ಲಕ್ಷಾಂತರ ಹೆಣ್ಣುಮಕ್ಕಳು ಒಂದೇ ಪ್ರಶ್ನೆಯನ್ನು ಫೋನಿಗೆ ಕೇಳುತ್ತಾರೆ: ದುಡ್ಡು ಬಂತೇ? ಆ ಪ್ರಶ್ನೆಯ ಸುತ್ತ ಕನ್ನಡದಲ್ಲಿ ಒಂದು ಸಣ್ಣ ಕೈಗಾರಿಕೆಯೇ ಹುಟ್ಟಿಕೊಂಡಿತು. ಅದರ ಪುಟಗಳ ರಚನೆ ಒಂದೇ ಅಚ್ಚಿನಲ್ಲಿ ಎರೆದಂತೆ ಇರುತ್ತದೆ. ‘ಗೃಹಲಕ್ಷ್ಮಿ ಕಂತು ಬಿಡುಗಡೆ, ನಿಮ್ಮ ಖಾತೆಗೆ ಬಂತೇ, ಹೀಗೆ ಚೆಕ್ ಮಾಡಿ’ ಎಂದು ಶೀರ್ಷಿಕೆ. ಕೆಳಗೆ ‘ನಮಸ್ಕಾರ ಸ್ನೇಹಿತರೇ’. ಆಮೇಲೆ ಯೋಜನೆ ಎಂದರೇನು ಎಂಬ ಪೀಠಿಕೆ, ಒಂದು ಜಾಹೀರಾತು, ಬೇಕಾದ ದಾಖಲೆಗಳು, ಇನ್ನೊಂದು ಜಾಹೀರಾತು, ವಾಟ್ಸಾಪ್ ಗುಂಪಿಗೆ ಸೇರುವ ಹಸಿರು ಗುಂಡಿ, ಮತ್ತೊಂದು ಜಾಹೀರಾತು. ಎಂಟು ಪ್ಯಾರಾ ಇಳಿದ ಮೇಲೆ ತಿಳಿಯುವುದೇನೆಂದರೆ ಹಣ ಶೀಘ್ರದಲ್ಲೇ ಜಮಾ ಆಗುವ ಸಾಧ್ಯತೆ ಇದೆ. ಮರುದಿನ ಅದೇ ಲೇಖನ ಹೊಸ ಶೀರ್ಷಿಕೆಯಲ್ಲಿ ಬರುತ್ತದೆ.

ಇದನ್ನು ಬರೆಯುವ ಹುಡುಗರನ್ನು ಹಂಗಿಸುವ ಮನಸ್ಸು ನನಗಿಲ್ಲ. ಪದವಿ ಮುಗಿಸಿ, ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಕ್ಕೆ ಹತ್ತು ಇಂಥ ಪುಟ ಬರೆದು ಮನೆಗೆ ಹಣ ಕಳಿಸುವವನಿಗೆ ನಾನು ಹೇಳುವ ಬುದ್ಧಿಮಾತು ಏನಿದೆ? ನಾನು ತೋರಿಸಲು ಹೊರಟದ್ದು ಇಷ್ಟೇ: ಜಾಹೀರಾತಿನ ಲೆಕ್ಕವನ್ನು ಕೊನೆಯವರೆಗೆ ಎಳೆದರೆ ಕನ್ನಡದಲ್ಲಿ ಅದು ತಲುಪುವ ಊರು ಇದು. ನನ್ನ ‘ಹೇಗೆ?’ ಶೀರ್ಷಿಕೆಗಳು ಅದೇ ರಸ್ತೆಯಲ್ಲಿ ನಾಲ್ಕು ಡಾಲರಿನಷ್ಟು ದೂರ ನಡೆದಿದ್ದವು. ಅಂಥ ಶೀರ್ಷಿಕೆ ಇಡುವಾಗ ನನ್ನ ಎದುರಿಗೆ ಓದುಗ ಇರಲಿಲ್ಲ, ಹುಡುಕು ಯಂತ್ರ ಇತ್ತು. ಅದಕ್ಕೆ ಅರ್ಥವಾಗುವ ಪದ ಮೊದಲು, ಆಮೇಲೆ ವಾಕ್ಯ.

ಈ ರಸ್ತೆಯಲ್ಲಿ ಖಂಡಿತವಾಗಿ ದುಡ್ಡು ಮಾಡಿದವರು ಇದ್ದಾರೆ: ಬ್ಲಾಗಿನಿಂದ ತಿಂಗಳಿಗೆ ಲಕ್ಷ ಗಳಿಸುವುದು ಹೇಗೆ ಎಂದು ಹೇಳಿಕೊಡುವ ಕೋರ್ಸ್ ಮಾರುವವರು.

ಈಗ ಆ ರಸ್ತೆಯೂ ಕುಸಿಯುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತನ್ನ ಶ್ರೇಯಾಂಕದ ನಿಯಮಗಳನ್ನು ಬದಲಿಸಿದಾಗ ಜಗತ್ತಿನ ಎಷ್ಟೋ ಸಣ್ಣ ಜಾಲತಾಣಗಳ ಓದುಗರು ರಾತ್ರೋರಾತ್ರಿ ಕರಗಿಹೋದರು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ, ಹುಡುಕಾಟದ ನೆತ್ತಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶ ಕಾಣಿಸಿಕೊಳ್ಳತೊಡಗಿತು. ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದ ಬಳಕೆದಾರರನ್ನು ಗಮನಿಸಿ 2025ರ ಜುಲೈನಲ್ಲಿ ಪ್ರಕಟಿಸಿದ ಅಂಕಿ ಹೀಗಿದೆ: ಸಾರಾಂಶ ಇಲ್ಲದ ಹುಡುಕಾಟಗಳಲ್ಲಿ ನೂರಕ್ಕೆ 15 ಸಲ ಜನ ಫಲಿತಾಂಶದ ಕೊಂಡಿಯನ್ನು ಒತ್ತುತ್ತಿದ್ದರು, ಸಾರಾಂಶ ಬಂದಲ್ಲಿ 8 ಸಲ ಮಾತ್ರ. ‘ಹೇಗೆ?’ ಎಂಬ ಪ್ರಶ್ನೆಗೆ ಉತ್ತರ ಮೇಲೆಯೇ ಸಿಕ್ಕಿದ ಮೇಲೆ ಕೆಳಗಿನ ಅಂಗಡಿಗೆ ಯಾರು ಬರುತ್ತಾರೆ? ಯಂತ್ರ ಕೇಳುವ ಪ್ರಶ್ನೆಗೆ ಯಂತ್ರ ಬಯಸುವ ಧಾಟಿಯಲ್ಲಿ ಉತ್ತರ ಬರೆಯುವುದನ್ನು ಕಲಿತವರಿಗೆ, ಆ ಕೆಲಸವನ್ನು ಯಂತ್ರ ತಾನೇ ಮಾಡಿಕೊಳ್ಳುತ್ತೇನೆ ಎಂದು ಹೇಳಿದ ಹಾಗೆ ಆಗಿದೆ ಇದು.

ಹಾಗೆಂದು ‘ನೋಡಿ, ಕೊನೆಗೂ ಸಂತೋಷಕ್ಕೆ ಬರೆಯುವವರೇ ಗೆದ್ದರು’ ಎಂದು ಬೀಗುವಂತಿಲ್ಲ. ಏಕೆಂದರೆ ಕನ್ನಡದಲ್ಲಿ ಸಂತೋಷಕ್ಕೆ ಬರೆಯುತ್ತಿದ್ದ ಬ್ಲಾಗುಗಳು ಇದಕ್ಕಿಂತ ಹತ್ತು ವರ್ಷ ಮೊದಲೇ ಬಾಗಿಲು ಹಾಕಿದ್ದವು. ಅವುಗಳನ್ನು ಮುಚ್ಚಿಸಿದ್ದು ಹಣವಲ್ಲ. ಅಲ್ಲಿ ಹಣವೇ ಇರಲಿಲ್ಲ.

ಕನ್ನಡ ಬ್ಲಾಗು ಹುಟ್ಟಿದ್ದೇ ಪುಕ್ಕಟೆ ಕೆಲಸದ ಮೇಲೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವೇ ಮುಂದೆ ಸರ್ಕಾರ ಒಪ್ಪಿಕೊಂಡ ವಿನ್ಯಾಸಕ್ಕೆ ಆಧಾರವಾಯಿತು. ಗಣಕದಲ್ಲಿ ಕನ್ನಡ ಮೂಡಿಸುವ, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದು ವರ್ಷಗಟ್ಟಲೆ ಉಚಿತವಾಗಿ ಸಿಕ್ಕಿತು. ಕನ್ನಡ ಗಣಕ ಪರಿಷತ್ತು ‘ನುಡಿ’ ಎಂಬ ಅಂಥದ್ದೇ ತಂತ್ರಾಂಶವನ್ನು ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ಜಾಲತಾಣ. ಆ ಕಾಲದಲ್ಲಿ ಕನ್ನಡದಲ್ಲಿ ಒಂದು ಪುಟ ಬರೆದು ಅಂತರ್ಜಾಲಕ್ಕೆ ಏರಿಸುವುದೇ ಒಂದು ಸಾಹಸ. ನಮ್ಮ ಗಣಕದಲ್ಲಿ ನೆಟ್ಟಗೆ ಕಂಡ ಒತ್ತಕ್ಷರ ಓದುಗರ ಗಣಕದಲ್ಲಿ ಮಗುಚಿಕೊಂಡಿರುತ್ತಿತ್ತು, ಇಲ್ಲವೇ ಇಡೀ ಲೇಖನ ಚೌಕಗಳ ಸಾಲಾಗಿರುತ್ತಿತ್ತು. ‘ನಿಮ್ಮ ಬರಹ ಕಾಣಿಸುತ್ತಿಲ್ಲ, ಯಾವ ಫಾಂಟ್ ಹಾಕಬೇಕು?’ ಎಂಬುದು ಆಗಿನ ಮೊದಲ ಪ್ರತಿಕ್ರಿಯೆ. ಇಷ್ಟಾದರೂ ಬರೆದರು. ಕ್ಯಾಲಿಫೋರ್ನಿಯಾದ ಚಳಿಯಲ್ಲಿ ಹುಳಿಯನ್ನಕ್ಕೆ ಹಂಬಲಿಸಿದ ಎಂಜಿನಿಯರುಗಳು, ಶಾಲೆ ಬಿಟ್ಟ ಮೇಲೆ ಸೈಬರ್ ಕೆಫೆಗೆ ನುಗ್ಗಿದ ಮೇಷ್ಟ್ರುಗಳು, ಮಧ್ಯಾಹ್ನದ ಎರಡು ಗಂಟೆಯ ಬಿಡುವನ್ನು ತಮ್ಮದಾಗಿ ಮಾಡಿಕೊಂಡ ಗೃಹಿಣಿಯರು, ಪತ್ರಿಕೆಯಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದ ಪತ್ರಕರ್ತರು.

ಇದಕ್ಕೆ ಹತ್ತಿರದ ಹೋಲಿಕೆ ಇಂಗ್ಲಿಷ್ ಬ್ಲಾಗುಗಳಲ್ಲಿಲ್ಲ, ನಮ್ಮ ಕಾಲೇಜು ಹಾಸ್ಟೆಲುಗಳ ಕೈಬರಹ ಪತ್ರಿಕೆಯಲ್ಲಿದೆ. ಅಕ್ಷರ ದುಂಡಾಗಿರುವ ಒಬ್ಬ, ಚಿತ್ರ ಬರೆಯುವ ಇನ್ನೊಬ್ಬ, ಕವಿತೆ ಕೊಡುವ ನಾಲ್ವರು. ಇರುವುದು ಒಂದೇ ಪ್ರತಿ, ವಾಚನಾಲಯದ ಮೇಜಿಗೆ ದಾರದಲ್ಲಿ ಕಟ್ಟಿದ್ದು. ಕೊನೆಯ ಎರಡು ಹಾಳೆ ಖಾಲಿ, ಓದಿದವರು ಅನಿಸಿಕೆ ಬರೆಯಲು. ಆ ಖಾಲಿ ಹಾಳೆಯಲ್ಲಿ ಯಾರಾದರೂ ಏನಾದರೂ ಗೀಚಿದ್ದಾರೆಯೇ ಎಂದು ದಿನಕ್ಕೆ ಮೂರು ಸಲ ನೋಡಿಬರುತ್ತಿದ್ದವರಲ್ಲಿ ನಾನೂ ಒಬ್ಬ. ಮುಂದೆ ಹೇಳಬೇಕಾದ ಮಾತಿಗೆ ಇದು ಬೇಕಾಗುತ್ತದೆ.

ಫೇಸ್‌ಬುಕ್ಕಿನ ಲೈಕ್ ಗುಂಡಿ ಹುಟ್ಟಿದ್ದು 2009ರ ಫೆಬ್ರವರಿಯಲ್ಲಿ. 2012ರ ಸುಮಾರಿಗೆ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡತೊಡಗಿತು. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿತು. ಹತ್ತಾರು ಬ್ಲಾಗುಗಳ ಹೊಸ ಬರಹವನ್ನು ಒಂದೇ ಕಡೆ ತಂದು ಕೊಡುತ್ತಿದ್ದ ಸೇವೆ ಅದು. ಈ ಮೂರೂ ಸೇರಿ ಕನ್ನಡ ಬ್ಲಾಗಿಗರನ್ನು ಗುಳೆ ಎಬ್ಬಿಸಿದವು. ಬ್ಲಾಗಿನಲ್ಲಿ ಎರಡು ವಾರ ಕಾಯಿಸಿ ಬರೆದ ಸಾವಿರ ಪದಕ್ಕೆ ಹನ್ನೊಂದು ಪ್ರತಿಕ್ರಿಯೆ ಬಂದರೆ, ಫೇಸ್‌ಬುಕ್ಕಿನಲ್ಲಿ ಬಸ್ಸಿನಲ್ಲಿ ನಿಂತು ಕುಟ್ಟಿದ ನಾಲ್ಕು ಸಾಲಿಗೆ ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಅರುವತ್ತು ಲೈಕ್. ಯಾರಿಗೂ ಒಂದು ರೂಪಾಯಿ ಸಿಗಲಿಲ್ಲ. ಆದರೂ ಎಲ್ಲರೂ ಹೋದರು, ನಾನೂ ಹೋದೆ. ಕೂಲಿ ರೂಪಾಯಿಯಲ್ಲೇ ಬರಬೇಕೆಂದೇನೂ ಇಲ್ಲವಲ್ಲ.

ಇಲ್ಲಿ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. ಸೃಜನಶೀಲತೆಯನ್ನು ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 1985ರಲ್ಲಿ ಪ್ರಕಟಿಸಿದ್ದು. ಬರವಣಿಗೆಯಲ್ಲಿ ಗಂಭೀರವಾಗಿ ತೊಡಗಿಕೊಂಡಿದ್ದ 72 ಮಂದಿ ಯುವ ಬರಹಗಾರರನ್ನು ಕರೆಸಿ, ಹಿಮದ ಬಗ್ಗೆ ಒಂದು ಪುಟ್ಟ ಪದ್ಯ ಬರೆಯಿರಿ ಎಂದರು. ಆಮೇಲೆ ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೊಟ್ಟ ಪಟ್ಟಿಯಲ್ಲಿ ಬರೆಯಲು ಒಳಗಿನಿಂದ ಹುಟ್ಟುವ ಕಾರಣಗಳಿದ್ದವು: ಪದಗಳ ಜೊತೆ ಆಡುವುದು ಇಷ್ಟ, ತಾನು ಬರೆದದ್ದನ್ನು ತಾನೇ ಓದಿದಾಗ ಖುಷಿ, ಇಂಥವು. ಇನ್ನೊಂದು ಗುಂಪಿನ ಪಟ್ಟಿಯಲ್ಲಿದ್ದವು ಹೊರಗಿನ ಕಾರಣಗಳು: ಒಂದೇ ಪುಸ್ತಕದಿಂದ ಬದುಕು ಕಂಡುಕೊಂಡವರಿದ್ದಾರೆ, ಮೇಷ್ಟ್ರ ಮೆಚ್ಚುಗೆ ಸಿಗುತ್ತದೆ, ನಾಲ್ಕು ಜನ ಗುರುತಿಸುತ್ತಾರೆ. ಅವರು ಮಾಡಬೇಕಿದ್ದದ್ದು ಇಷ್ಟೇ, ಆ ಕಾರಣಗಳನ್ನು ತಮಗೆ ಮುಖ್ಯವೆನಿಸಿದ ಕ್ರಮದಲ್ಲಿ ಜೋಡಿಸುವುದು. ಐದು ನಿಮಿಷದ ಕೆಲಸ. ಮೂರನೆಯ ಗುಂಪಿಗೆ ಪಟ್ಟಿಯೇ ಇಲ್ಲ. ಬಳಿಕ ಎಲ್ಲರೂ ನಗುವಿನ ಬಗ್ಗೆ ಇನ್ನೊಂದು ಪದ್ಯ ಬರೆದರು. ಯಾರದ್ದು ಯಾವುದೆಂದು ತಿಳಿಯದ ಹನ್ನೆರಡು ಮಂದಿ ಕವಿಗಳು ಅವನ್ನು ಅಳೆದರು. ಮೊದಲ ಪದ್ಯಗಳಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎರಡನೆಯದರಲ್ಲಿ ಹೊರಗಿನ ಕಾರಣಗಳನ್ನು ಜೋಡಿಸಿದವರ ಪದ್ಯ ಸ್ಪಷ್ಟವಾಗಿ ಕೆಳಗಿಳಿದಿತ್ತು.

ಪದ್ಯ ಚೆನ್ನಾಗಿ ಬಂದರೆ ಬಹುಮಾನ ಕೊಡುತ್ತೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಐದು ನಿಮಿಷ ಆ ಹೊರಗಿನ ಕಾರಣಗಳನ್ನು ನೆನೆದರು, ಅಷ್ಟೆ. ಆ ಪಟ್ಟಿಯಲ್ಲಿ ಹಣದ ಜೊತೆಗೇ ಮೆಚ್ಚುಗೆಯೂ ಕುಳಿತಿತ್ತು ಎಂಬುದನ್ನು ನಾನು ಅಡಿಗೆರೆ ಎಳೆದು ಓದುತ್ತೇನೆ. ಜಾಹೀರಾತು ಇಲ್ಲದ ಬ್ಲಾಗ್ ಪವಿತ್ರ ಎಂದುಕೊಂಡವನು ತನ್ನ ಅಂಕಿಅಂಶದ ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆಯುತ್ತಾನೆ ಎಂದು ಎಣಿಸಿಕೊಳ್ಳಲಿ. ನಿನ್ನೆ 214, ಇಂದು 37, ಏಕೆ ಹೀಗಾಯಿತು? ಈ ಪ್ರಶ್ನೆ ಎದ್ದ ಕೂಡಲೇ ನಾಳೆಯ ಬರಹದ ವಿಷಯ ಅರ್ಧ ತೀರ್ಮಾನವಾಗಿರುತ್ತದೆ.

ಆದರೆ ಮೆಚ್ಚುಗೆ ಬಂದರೆ ಬರಹ ಕೆಡುತ್ತದೆ ಎಂದೂ ಹೇಳಲು ಬರುವುದಿಲ್ಲ. ಹಾಸ್ಟೆಲಿನ ಖಾಲಿ ಹಾಳೆ ನೋಡಲು ಓಡುತ್ತಿದ್ದ ನಾನು ಅದರಿಂದ ಕೆಟ್ಟೆನೆಂದು ನನಗೆ ಅನಿಸಿಲ್ಲ. ಇದಕ್ಕೆ ಉತ್ತರ ಅಮಾಬಿಲೆಗಿಂತ ಮೊದಲಿನ ಇನ್ನೊಂದು ಪ್ರಯೋಗದಲ್ಲಿದೆ. ಅದು ಪ್ರಕಟವಾದದ್ದು 1973ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು, ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುವ ಮಕ್ಕಳನ್ನು ಆರಿಸಿದರು. ಕೆಲವರಿಗೆ ಚಿತ್ರ ಬರೆದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಏನೂ ಹೇಳದೆ, ಬರೆದು ಮುಗಿಸಿದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಆ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಮೊದಲೇ ಮಾತು ಪಡೆದ ಮಕ್ಕಳು ಅವುಗಳ ಜೊತೆ ಕಳೆದ ಹೊತ್ತು ಉಳಿದವರು ಕಳೆದುದರ ಅರ್ಧದಷ್ಟು. ಅನಿರೀಕ್ಷಿತವಾಗಿ ಪಡೆದ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ.

ಈ ವಿಷಯದಲ್ಲಿ ಸಂಶೋಧಕರ ನಡುವೆ ದೊಡ್ಡ ಜಗಳವೇ ನಡೆದಿದೆ. ಕ್ಯಾಮರನ್ ಮತ್ತು ಪಿಯರ್ಸ್ ಎಂಬವರು 1994ರಲ್ಲಿ ಬಹುಮಾನದಿಂದ ಅಂಥ ಹಾನಿಯೇನಿಲ್ಲ ಎಂದು ವಾದಿಸಿದರು. 1999ರಲ್ಲಿ ಡೆಸಿ, ಕೋಸ್ಟ್ನರ್, ರಯಾನ್ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ತಿರುಗೇಟು ಕೊಟ್ಟರು. ಅವರಿಗೂ ಕಂಡದ್ದು ಇದೇ: ನಿರೀಕ್ಷಿಸಿ ಪಡೆಯುವ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ತಗ್ಗಿಸುತ್ತದೆ, ಬಾಯಿಮಾತಿನ ಮೆಚ್ಚುಗೆ ಎಷ್ಟೋ ಸಲ ಹೆಚ್ಚಿಸುತ್ತದೆ. ಎಲ್ಲೋ ಕುಳಿತ ಒಬ್ಬರು ನಿಮ್ಮ ಬರಹ ಓದಿ ‘ನಮ್ಮ ತಾಯಿಯೂ ಹೀಗೇ ಮಾಡುತ್ತಿದ್ದರು’ ಎಂದು ಎರಡು ಸಾಲು ಬರೆದರೆ ಅದು ಬಾಯಿಮಾತು. ಲೈಕ್ ಬಾಯಿಮಾತಿನ ವೇಷ ಹಾಕಿದ ಅಂಕಿ. ಬರುತ್ತದೆ ಎಂದು ಗೊತ್ತಿರುತ್ತದೆ, ಎಷ್ಟು ಬರುತ್ತದೆ ಎಂಬುದಷ್ಟೇ ಗೊತ್ತಿರುವುದಿಲ್ಲ. ಪ್ರಯೋಗಾಲಯದ ಮಾತನ್ನು ಬ್ಲಾಗಿಗೆ ಎಳೆದು ತಂದದ್ದು ನನ್ನ ಸ್ವಂತ ಜವಾಬ್ದಾರಿಯ ಮೇಲೆ. ಆದರೆ ನನ್ನ ಏಳು ಪೋಸ್ಟ್‌ಗಳಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ತಕರಾರು ಎತ್ತಲೇಬೇಕು, ಇಲ್ಲದಿದ್ದರೆ ಇದು ಸಂಬಳ ಬರುವವರ ವೇದಾಂತವಾಗುತ್ತದೆ. ಪುಕ್ಕಟೆ ಬರೆಯಲು ಬಿಡುವು ಬೇಕು, ಬಿಡುವಿಗೆ ಬೇರೆಲ್ಲಿಂದಲೋ ಅನ್ನ ಬರಬೇಕು. ಕನ್ನಡ ಬ್ಲಾಗುಗಳ ಹಳೆಯ ಕಾಲದಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳೇ ಹೆಚ್ಚಾಗಿ ಕಾಣುತ್ತಿದ್ದದ್ದು ಕಾಕತಾಳೀಯವಲ್ಲ. ಅವರ ಮೇಜಿನ ಮೇಲೆ ಗಣಕ ಇತ್ತು, ಸಂಬಳ ತಿಂಗಳ ಕೊನೆಗೆ ತಪ್ಪದೆ ಬರುತ್ತಿತ್ತು. ಅಡಿಕೆ ಸುಲಿಯಲು ಹೋಗುವವರ ಬ್ಲಾಗ್ ನಾನು ಆಗ ಓದಿದ ನೆನಪಿಲ್ಲ.

ಇದಕ್ಕಿಂತ ಕಿರಿಕಿರಿಯಾಗುವುದು ‘ಸಂತೋಷಕ್ಕಾಗಿ ಬರೆಯಿರಿ’ ಎಂಬ ಮಾತು ಯಾರ ಬಾಯಲ್ಲಿ ಬರುತ್ತದೆ ಎಂಬುದು. ಅಂಕಣ ಬೇಕು, ವಾರಕ್ಕೆ ಎಂಟುನೂರು ಪದ, ಭಾನುವಾರ ಸಂಜೆಯೊಳಗೆ. ಸಂಭಾವನೆ ಇಲ್ಲ, ಆದರೆ ನಿಮ್ಮ ಹೆಸರು ಸಾವಿರಾರು ಜನರಿಗೆ ತಲುಪುತ್ತದೆ. ಒಂದು ಜಾಲತಾಣದವರು ನನಗೆ ಹೀಗೆ ಫೋನ್ ಮಾಡಿದ್ದರು. ಅವರ ಪುಟದಲ್ಲಿ ಲೇಖನದ ತಲೆಗೊಂದು ಕಾಲಿಗೊಂದು ಜಾಹೀರಾತು. ನನ್ನ ಹಿತ್ತಲಲ್ಲಿ ನಾನು ಮಲ್ಲಿಗೆ ಬೆಳೆಸಿ ಬೀದಿಯವರಿಗೆ ಹಂಚುವುದು ಒಂದು. ಹೂವಿನ ಅಂಗಡಿಯವನು ಬಂದು ‘ನಿಮಗೆ ಗಿಡ ಬೆಳೆಸುವುದೆಂದರೆ ಖುಷಿಯಲ್ಲವೇ, ಬುಟ್ಟಿ ಇಲ್ಲಿಡಿ’ ಎನ್ನುವುದು ಇನ್ನೊಂದು. ಬೇರೆಯವರ ಅಂಗಡಿಗೆ ಬರೆದರೆ ಕೂಲಿ ಕೇಳಬೇಕು, ನಾಚಿಕೊಳ್ಳದೆ ಕೇಳಬೇಕು. ಅಂದು ನಾನು ಕೇಳಿದೆ. ಆಮೇಲೆ ಅವರ ಫೋನ್ ಬರಲಿಲ್ಲ.

ಬರೆದು ಸಂಪಾದಿಸಿದವರನ್ನು ಕನ್ನಡ ಎಂದೂ ಕೀಳಾಗಿ ನೋಡಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳದೆ, ಓದುಗರು ಕೊಟ್ಟ ಬಿಡಿ ಪ್ರತಿಯ ಬೆಲೆಯಲ್ಲೇ ನಡೆಯಿತು. ಎರಡೂ ಕಡೆ ಹಣ ಬಂದದ್ದು ಓದುವವನ ಜೇಬಿನಿಂದ. ಅವನು ಕಾಸು ಕೊಡುವುದು ನೀವು ಬರೆದದ್ದಕ್ಕೆ. ಜಾಹೀರಾತುದಾರ ಕೊಡುವುದು ನಿಮ್ಮ ಬರಹದ ಪಕ್ಕದ ಖಾಲಿ ಜಾಗಕ್ಕೆ, ಅಲ್ಲಿ ಏನು ಬರೆದಿದೆ ಎಂದು ಅವನು ನೋಡುವುದೂ ಇಲ್ಲ. ಅಜ್ಜಿಯ ಮಾತಿನ ಮೇಲೆ ಸಾಲದ ಚೌಕ ಕೂರಿಸಿದ್ದು ಯಾರ ದುರುದ್ದೇಶವೂ ಅಲ್ಲ, ಅಲ್ಲಿ ಖಾಲಿ ಜಾಗ ಇತ್ತು. ಇತ್ತೀಚೆಗೆ ಕೆಲವರು ತಮ್ಮ ಬರಹದ ಕೊನೆಗೆ ಯುಪಿಐ ಕ್ಯೂಆರ್ ಚಿತ್ರ ಹಾಕಿ, ಇಷ್ಟವಾದರೆ ಚಹಾಕ್ಕೆ ಕೊಡಿ ಎನ್ನುತ್ತಾರೆ. ಅದರಿಂದ ಮನೆ ನಡೆಯುವುದಿಲ್ಲ, ಆದರೆ ಬರಹದ ದಾರಿಯನ್ನು ಅದು ತಿರುಗಿಸುವುದೂ ಇಲ್ಲ ಎಂದು ನನ್ನ ಅಂದಾಜು.

ಸಂತೋಷ, ಸಂತೋಷ ಎಂದು ಇಷ್ಟು ಹೊತ್ತು ಹೇಳಿದೆ. ಅದು ಏನು ಎಂದು ಒಂದು ಸಲವಾದರೂ ಹತ್ತಿರದಿಂದ ತೋರಿಸಬೇಕು. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಇರಬಹುದು, ಆದರೆ ಅದಕ್ಕೆ ದಿನಚರಿ ಸಾಕು, ಬೀಗ ಹಾಕಿದ ಪುಸ್ತಕ ಸಾಕು. ಬ್ಲಾಗಿನ ರುಚಿ ಬೇರೆ. ಅಪರಿಚಿತನೊಬ್ಬ ಓದಬಹುದು ಎಂಬ ಸಾಧ್ಯತೆ ಇರುವುದರಿಂದ ಅಂದಾಜಿನಲ್ಲಿ ಬರೆದು ಜಾರಿಕೊಳ್ಳಲಾಗುವುದಿಲ್ಲ. ಉಪ್ಪುಸೊಳೆಯ ಬಗ್ಗೆ ಬರೆಯಲು ಕುಳಿತಾಗ ನನಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದೆ. ಎಷ್ಟು ಸೊಳೆಗೆ ಎಷ್ಟು ಉಪ್ಪು ಎಂಬ ಸಾಲಿಗೆ ಬಂದು ಕೈ ನಿಂತಿತು. ಪುತ್ತೂರಿನ ಹತ್ತಿರ ಇರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ.

‘ದೊಡ್ಡಮ್ಮ, ಉಪ್ಪಿನ ಅಳತೆ ಎಷ್ಟು?’

‘ಅಳತೆ ಎಂಥದ್ದು ಮಾರಾಯ? ಕೈಗೆ ಗೊತ್ತಾಗುತ್ತದೆ.’

‘ನಿಮ್ಮ ಕೈಗೆ ಗೊತ್ತಾಗುವುದನ್ನು ನಾನು ಬರೆಯುವುದು ಹೇಗೆ?’

ಅವರು ನಕ್ಕು ಫೋನಿಟ್ಟರು. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ರಾತ್ರಿ ಅಡುಗೆಮನೆಯಲ್ಲಿ ಕುಳಿತು, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು ಹಿಡಿದು ಪಾವಿಗೆ ಸುರಿದು ನೋಡಿದ್ದರಂತೆ. ಐವತ್ತು ವರ್ಷ ಮಾಡಿದ ಕೆಲಸವನ್ನು ಅವರು ಅಳೆದದ್ದು ಅದೇ ಮೊದಲು. ನೀರು ಚೆನ್ನಾಗಿ ಬಿಟ್ಟುಕೊಂಡಿತೇ ಎಂದು ನೋಡಲು ಎಷ್ಟು ದಿನ ಕಾಯಬೇಕು, ಆಮೇಲೆ ಉಂಡ್ಲಕಾಳು ಎಂಬ ಕರಿದ ತಿಂಡಿ ಮಾಡುವ ಮೊದಲು ಎಷ್ಟು ಸಲ ನೀರಲ್ಲಿ ತೊಳೆದು ಉಪ್ಪು ಬಿಡಿಸಬೇಕು, ಎಲ್ಲ ಹೇಳಿದರು. ಅರ್ಧ ಗಂಟೆ ಮಾತಾಡಿದೆವು. ಅದರಲ್ಲಿ ಹೆಚ್ಚಿನ ಹೊತ್ತು ಅಜ್ಜಿಯ ಸುದ್ದಿ. ಬರೆಯದೆ ಇದ್ದಿದ್ದರೆ ಆ ಫೋನ್ ನಾನು ಮಾಡುತ್ತಿರಲಿಲ್ಲ. ಆ ಪೋಸ್ಟ್ ಪ್ರಕಟವಾದ ಮೊದಲ ವಾರ ಅದನ್ನು ಓದಿದವರು ಇಪ್ಪತ್ತಾರು ಮಂದಿ, ಅದರಲ್ಲಿ ಕೆಲವು ಸಲ ನಾನೇ.

ಖರ್ಚಿನ ಮಾತು ಒಂದು ಉಳಿದಿದೆ. ಆದಾಯವಿಲ್ಲದ ಬ್ಲಾಗನ್ನು ಉಳಿಸಿಕೊಳ್ಳುವ ಹೊಣೆ ಬರೆದವನ ತಲೆಯ ಮೇಲೆಯೇ ಇರುತ್ತದೆ, ಉಚಿತ ಸೇವೆ ಕೊಡುವವರಿಗೆ ಅದರ ಹಂಗಿಲ್ಲ. ಪುಕ್ಕಟೆ ಜಾಲಪುಟ ಕೊಡುತ್ತಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಫೇಸ್‌ಬುಕ್ಕಿನಂಥ ಸಾಮಾಜಿಕ ಜಾಲವಾಗಿದ್ದ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಶುಲ್ಕ ಪಡೆದೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಲಾಗುಗಳಿಗೆ ಜಾಗ ಕೊಟ್ಟ ಟೈಪ್‌ಪ್ಯಾಡ್ ಕೂಡ 2025ರ ಸೆಪ್ಟೆಂಬರ್ 30ರಂದು ದೀಪ ಆರಿಸಿತು. ಸ್ವಂತ ಡೊಮೇನ್ ಕೊಂಡವರು ನವೀಕರಣ ಮರೆತರೆ ಆ ಹೆಸರನ್ನು ಬೇರೆ ಯಾರೋ ಹಾರಿಸಿಕೊಂಡು ಹೋಗಿ ಜೂಜಿನ ಅಂಗಡಿ ಇಡುತ್ತಾರೆ. ಕವಿತೆಯ ಬ್ಲಾಗ್ ಎಂದು ತೆರೆದರೆ ರಮ್ಮಿ ಆಡಲು ಕರೆಯುವ ಪುಟ ಬಂದದ್ದನ್ನು ನಾನೇ ನೋಡಿದ್ದೇನೆ. ಆದ್ದರಿಂದ ವರ್ಷಕ್ಕೊಮ್ಮೆ ಎಲ್ಲ ಪೋಸ್ಟ್‌ಗಳನ್ನೂ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ, ಡೊಮೇನ್ ಶುಲ್ಕವನ್ನು ನನ್ನ ಸಂಬಳದಿಂದಲೇ ಕಟ್ಟುತ್ತೇನೆ. ಅಂಕಿಅಂಶದ ಪುಟವನ್ನು ತೆಗೆದುಹಾಕಿ ಮೂರು ವರ್ಷವಾಯಿತು. ಮೊದಲ ತಿಂಗಳು ಸಿಗರೇಟು ಬಿಟ್ಟವನಂತೆ ಚಡಪಡಿಸಿದೆ.

ಕಳೆದ ಮಳೆಗಾಲದಲ್ಲಿ ಉಪ್ಪುಸೊಳೆಯ ಪೋಸ್ಟ್‌ಗೆ ಒಂದು ಪ್ರತಿಕ್ರಿಯೆ ಬಂತು. ಊರಿನಿಂದ ತರಿಸಿದ ಹಲಸಿನಕಾಯಿ, ನೀವು ಹೇಳಿದ ಹಾಗೆಯೇ ಮಾಡಿದೆ, ಮೂರು ತಿಂಗಳಿಗೆ ಸೊಳೆ ಮೆತ್ತಗಾಗಿ ಹಾಳಾಯಿತು, ಉಪ್ಪು ಸಾಲಲಿಲ್ಲ ಎಂದು ಕಾಣುತ್ತದೆ, ನೋಡಿ ಸರಿಪಡಿಸಿ ಎಂದು ಬರೆದಿದ್ದರು. ದೊಡ್ಡಮ್ಮನಿಗೆ ಫೋನ್ ಮಾಡಿ ಪೋಸ್ಟ್‌ನ ಆ ಸಾಲನ್ನು ಓದಿ ಹೇಳಿದೆ. ‘ನಾನು ಪಾವು ತಲೆತುಂಬ ಎಂದು ಹೇಳಿದ್ದೆ, ನೀನು ಬರೇ ಪಾವು ಎಂದು ಬರೆದಿದ್ದೀ’ ಎಂದರು. ತಿದ್ದಿ, ಕೆಳಗೆ ತಿದ್ದಿದ ದಿನಾಂಕ ಹಾಕಿದೆ.